‘ಲಗ್ನಾ ಮಾಡಿದ್ರ ಸರಿ ಹೋಗ್ತಾಳ’ ಎಂಬ ಸುಳ್ಳು

ಐರಣಿಯ ಕಡೆ ಮಗಳ ಓದು ಒಂದು ಹಂತಕ್ಕೆ ಬಂತೆಂದರೆ ವರ ನೋಡುವ ಮಾತು ಶುರು. ಹುಡುಗ ಹೇಗಿರಬೇಕು ಎಂದು ಅವಳನ್ನೇ ಕೇಳುವ ಮನೆಗಳು ಈಗ ಉಂಟು. ಹುಡುಗ ಬೇಕೋ ಬೇಡವೋ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೆಣ್ಣಿನ ಮೇಲೆಯೇ ಮನಸ್ಸಿರುವ ಹೆಣ್ಣುಮಕ್ಕಳ ವಿಷಯ ರಾಣೇಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಬಂದರೂ ಪಿಸುಮಾತಾಗಿ ಬರುತ್ತದೆ. ಅದರಲ್ಲಿ ಸುಳ್ಳೇ ಹೆಚ್ಚು.

‘ಲಗ್ನಾ ಮಾಡಿ, ಒಂದು ಕೂಸಾದ್ರ ಎಲ್ಲಾ ಸರಿ ಹೋಗ್ತೈತಿ.’ ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಸರಿ ಮಾಡಲು ಇಲ್ಲಿ ಕೆಟ್ಟಿರುವುದಾದರೂ ಏನು? ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಭಾರತೀಯ ಮನೋವೈದ್ಯರ ಸಂಘವೂ ಇದು ಮನೋರೋಗವಲ್ಲ ಎಂದು 2018ರಲ್ಲಿ ಸ್ಪಷ್ಟಪಡಿಸಿದೆ. ಮದುರೈನ ಇಬ್ಬರು ಯುವತಿಯರು ಮನೆಯವರಿಗೆ ಹೆದರಿ ಚೆನ್ನೈಗೆ ಹೋಗಿ ರಕ್ಷಣೆ ಕೋರಿದಾಗ, ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ತಮಗೇ ಈ ವಿಷಯ ಅರ್ಥವಾಗಬೇಕೆಂದು ಮನಶ್ಶಾಸ್ತ್ರಜ್ಞರ ಮುಂದೆ ಕೂತು ತಿಳಿದುಕೊಂಡರು. (ಇಷ್ಟು ವಿನಯ ನಮ್ಮ ಬೀಗರಿಗೂ ಹಿರಿಯರಿಗೂ ಬಂದಿದ್ದರೆ!) ಮನಸ್ಸಿನ ಒಲವನ್ನು ‘ಬದಲಾಯಿಸುವ ಚಿಕಿತ್ಸೆ’ಗೆ 2021ರ ಜೂನ್ 7ರ ಅವರ ಆದೇಶ ತಡೆಯೊಡ್ಡಿತು. ಅಂಥ ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಮರುವರ್ಷ ಹೇಳಿತು. ಡಾಕ್ಟರು ಮಾಡಬಾರದ್ದನ್ನು ತಾಳಿಯಿಂದ ಮಾಡಿಸಲು ಹೊರಟರೆ ಹಾಳಾಗುವುದು ಎರಡು ಬಾಳು. ಏನೂ ಅರಿಯದೆ ಹಸೆಮಣೆ ಏರಿದ ಆ ಹುಡುಗನದೂ ಮೋಸಹೋದ ಬಾಳೇ.

‘ಗಂಡುಬೀರಿ ಅದಾಳ, ಜೋಗಪ್ಪಗೋಳ ಹಂಗ.’ ಗಂಡಾಗಿ ಹುಟ್ಟಿ, ಸೀರೆ ಉಟ್ಟು ಬಾಳುವ ಎಲ್ಲಮ್ಮನ ಜೋಗಪ್ಪಂದಿರು ಈ ಸೀಮೆಯ ಕಣ್ಣಿಗೆ ಪರಿಚಿತರು, ಅದಕ್ಕೇ ಈ ಗೊಂದಲ. ತಾನು ಗಂಡೋ ಹೆಣ್ಣೋ ಎಂಬ ಅರಿವು ಒಂದು, ತಾನು ಯಾರಿಗೆ ಒಲಿಯುತ್ತೇನೆ ಎಂಬುದು ಇನ್ನೊಂದು. ಹಸಿರು ಬಳೆ ತೊಟ್ಟು ಮಲ್ಲಿಗೆ ಮುಡಿದವಳಿಗೂ ಹೆಣ್ಣಿನ ಮೇಲೆ ಪ್ರೀತಿ ಹುಟ್ಟಬಹುದು.

‘ಮೊಬೈಲ್ ಬಂದ ಮ್ಯಾಲ ಬಂದ ಚಟ.’ ಮೊಬೈಲ್ ತಂದದ್ದು ತನ್ನಂಥವರು ಬೇರೆ ಕಡೆಯೂ ಇದ್ದಾರೆಂಬ ಸುದ್ದಿಯನ್ನು ಮಾತ್ರ.

‘ಕಾನೂನು ಒಪ್ಪೂದಿಲ್ಲ.’ ಬ್ರಿಟಿಷರು 1860ರಲ್ಲಿ ಬರೆದ 377ನೇ ಕಲಂ ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದು ಎಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಹಾಗೆಂದು ಇಂಥವರ ಮದುವೆ ನೋಂದಣಿಯಾಗುತ್ತದೆ ಎಂದುಕೊಳ್ಳುವುದೂ ತಪ್ಪು. 2023ರ ಅಕ್ಟೋಬರ್ 17ರಂದು ಅದೇ ಕೋರ್ಟ್ ಅದನ್ನು ಒಪ್ಪಲಿಲ್ಲ. ಕೂಡಿ ಬಾಳಲು ಅಡ್ಡಿಯಿಲ್ಲ, ಗಂಡ-ಹೆಂಡಿರಿಗಿರುವ ಹಕ್ಕುಗಳಿಲ್ಲ. ಇಂಥ ಜೋಡಿಯನ್ನು ಒಂದೇ ರೇಷನ್ ಕಾರ್ಡಿನ ಕುಟುಂಬವೆಂದು ಎಣಿಸುವಂತೆ ಕೇಂದ್ರವು ರಾಜ್ಯಗಳಿಗೆ 2024ರಲ್ಲಿ ಸೂಚಿಸಿತು.

ಕೊನೆಯದು, ‘ಓಡಿಹೋದ್ರ ಪೊಲೀಸರು ಎಳಕೊಂಡು ಬರ್ತಾರ’ ಎಂಬ ಬೆದರಿಕೆ. ಹದಿನೆಂಟು ತುಂಬಿದವಳು ಎಲ್ಲಿರಬೇಕೆಂಬುದು ಅವಳಿಗೇ ಬಿಟ್ಟದ್ದು. ಇಂಥ ಪ್ರಕರಣಗಳಲ್ಲಿ ನ್ಯಾಯಾಧೀಶರು ಅವಳ ಮಾತನ್ನು ಮನೆಯವರ ಎದುರಿಗಲ್ಲದೆ ಖಾಸಗಿಯಾಗಿ ಕೇಳಬೇಕು, ಆಪ್ತಸಲಹೆಯ ನೆಪದಲ್ಲಿ ಮನಸ್ಸು ತಿರುಗಿಸಹೋಗಬಾರದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಹೇಳಿದೆ. ಕಾನೂನು ನೆರವು ಎಲ್ಲ ಹೆಣ್ಣುಮಕ್ಕಳಿಗೂ ಉಚಿತ, ಆದಾಯದ ಮಿತಿ ಅವರಿಗಿಲ್ಲ. ಕರೆ ಮಾಡಬೇಕಾದ ಸಂಖ್ಯೆ 15100.