ಹಸು ನೋಡಿದಂತೆ ಮನೆಯನ್ನೂ ನೋಡಿ



ಹಸು ಕೊಳ್ಳುವಾಗ ನೀವು ಎಷ್ಟು ಜಾಣರು ಎಂಬುದು ನನಗೆ ಚೆನ್ನಾಗಿ ಗೊತ್ತು. ಬಾಯಿ ಬಿಡಿಸಿ ಹಲ್ಲು ನೋಡುತ್ತೀರಿ. ನಾಲ್ಕೂ ಮೊಲೆ ಹಿಂಡಿ ನೋಡುತ್ತೀರಿ. ಎರಡು ಮೂರು ಹೊತ್ತು ಕಣ್ಣೆದುರೇ ಹಾಲು ಕರೆಸಿ ನೋಡದೆ ಬೆಲೆಯ ಮಾತೇ ಎತ್ತುವುದಿಲ್ಲ. ಮಾರುವವರು ಕೊಂಬಿಗೆ ಎಣ್ಣೆ ಸವರಿ, ಮೈ ತೊಳೆದು ನಿಲ್ಲಿಸಿದ್ದರೆ ಇನ್ನೂ ಒಂದು ಸುತ್ತು ಹೆಚ್ಚಿಗೆ ನೋಡುತ್ತೀರಿ.

ಆದರೆ ಹಸುವಿನ ಹತ್ತು ಪಟ್ಟು ಬೆಲೆಯ ಮನೆ ಕೊಳ್ಳುವಾಗ? ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳಿ, ಹೊಸ ಸುಣ್ಣ ನೋಡಿ, ಅರ್ಧ ಗಂಟೆಯಲ್ಲಿ ಮುಂಗಡ ಕೊಟ್ಟು ಬರುತ್ತೇವೆ. ಈ ಸಲ ಕಾಯಿಲೆಯ ವಿಷಯ ಬಿಟ್ಟು ಮನೆಯ ವಿಷಯ ಬರೆಯಲು ಕಾರಣವಿದೆ.

ಹೋದ ಹಿಂಗಾರಿನ ಒಂದು ರಾತ್ರಿ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಕಡೆಯಿಂದ ಫೋನು ಬಂತು. "ಡಾಕ್ಟ್ರಮ್ಮ, ಗೋಡೆ ಹಸಿನ ಮೇಲೆ ಬಿದ್ಬುಡ್ತು, ಬೇಗ ಬನ್ನಿ." ಹೋಗಿ ನೋಡಿದರೆ ಕೊಟ್ಟಿಗೆಯ ಹಿಂಗೋಡೆ ಪೂರ್ತಿ ಒಳಕ್ಕೆ ಕುಸಿದಿತ್ತು. ಎಚ್‌.ಎಫ್‌. ಮಿಶ್ರತಳಿಯ ಹಸು, ಎರಡನೇ ಸೂಲು, ಸೊಂಟದ ಮೂಳೆ ಮುರಿದಿತ್ತು. ನೋವಿನ ಚುಚ್ಚುಮದ್ದು ಕೊಟ್ಟೆ, ಗ್ಲೂಕೋಸ್ ಹಾಕಿದೆ. ಮೂರು ದಿನ ಮಗ್ಗುಲು ಬದಲಿಸುತ್ತಾ ಮನೆಯವರು ಕಾದರು. ನಾಲ್ಕನೆಯ ದಿನ ಹಸು ಹೋಯಿತು.

ಆ ಮನೆ ಕೊಂಡು ಐದು ತಿಂಗಳಾಗಿತ್ತು. ಎಂಟು ವರ್ಷದ ಹಾಲಿನ ಬಟವಾಡೆಯಲ್ಲಿ ಉಳಿಸಿದ ದುಡ್ಡು, ಎರಡು ಪಡ್ಡೆ ಮಾರಿದ ದುಡ್ಡು, ಮೇಲೆ ಸಂಘದ ಸಾಲ. "ಸುಣ್ಣ ಹೊಡ್ದು ಹೊಸದಾಗಿತ್ತು ಕನ್ರಮ್ಮ, ಗೋಡೆ ಗಟ್ಟಿ ಅಂತಲೇ ಅನ್ಕೊಂಡೊ" ಎಂದರು ಆ ತಾಯಿ. ಬೆಳಗಿನ ಬೆಳಕಿನಲ್ಲಿ ಬಿದ್ದ ಗೋಡೆ ನೋಡಿದೆ. ಒಳಗೆ ಮಣ್ಣಿನ ಗೋಡೆ, ಹೊರಗೆ ಹೊಸ ಸಿಮೆಂಟಿನ ಗಿಲಾವು, ಅದರ ಮೇಲೆ ಸುಣ್ಣ. ಸೂರಿನ ನೀರು ವರ್ಷಗಟ್ಟಲೆ ಗೋಡೆಯ ಬುಡಕ್ಕೇ ಸುರಿದು ಮಣ್ಣು ಮೆತ್ತಗಾಗಿತ್ತು. ಮಣ್ಣಿನ ಗೋಡೆಗೆ ಮಣ್ಣು ಅಥವಾ ಸುಣ್ಣದ ಗಿಲಾವು ಇದ್ದರೆ ಒಳಗಿನ ತೇವ ಆರಿ ಹೋಗುತ್ತದೆ. ಸಿಮೆಂಟು ಬಳಿದರೆ ತೇವ ಒಳಗೇ ಉಳಿಯುತ್ತದೆ. ಅದೇ ಆಗಿತ್ತು.

ನಾನು ದನದ ಡಾಕ್ಟರು, ಎಂಜಿನಿಯರಲ್ಲ. ಆದರೆ ದಿನಕ್ಕೆ ಹತ್ತು ಕೊಟ್ಟಿಗೆ ಹೊಕ್ಕು ಬರುವವಳು. ನಾನು ಕಂಡದ್ದನ್ನು, ಆಮೇಲೆ ಒಬ್ಬ ಸಿವಿಲ್ ಎಂಜಿನಿಯರ್ ಜೊತೆ ಮನೆ ನೋಡಲು ಹೋದಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಳೆ ಬಂದ ಮರುದಿನ ಹೋಗಿ

ನಮ್ಮ ಕಡೆ ಹಳೆಯ ಮನೆಗಳು ಹೆಚ್ಚಾಗಿ ಮಣ್ಣು ಅಥವಾ ಕಲ್ಲಿನ ಗೋಡೆ, ಮರದ ತೊಲೆ, ಮೇಲೆ ನಾಡ ಹೆಂಚು ಇಲ್ಲವೇ ಮಂಗಳೂರು ಹೆಂಚು. ಬೇಸಿಗೆಯ ಮಧ್ಯಾಹ್ನ ನೋಡಿದರೆ ಎಲ್ಲ ಮನೆಯೂ ಚೆಂದ. ಜೋರು ಮಳೆ ಬಂದ ಮರುದಿನ ಹೋಗಿ ನೋಡಿ, ಮನೆ ತಾನೇ ತನ್ನ ಕಾಯಿಲೆ ಹೇಳುತ್ತದೆ.

ಸೂರಿನ ನೀರು ಎಲ್ಲಿ ಬೀಳುತ್ತದೆ, ಬಿದ್ದ ನೀರು ಎಲ್ಲಿಗೆ ಹರಿಯುತ್ತದೆ ನೋಡಿ. ಗೋಡೆಯ ಬುಡದಿಂದ ಎರಡು ಮೂರು ಅಡಿ ಎತ್ತರಕ್ಕೆ ತೇವದ ಗೆರೆ, ಉಪ್ಪಿನ ಬಿಳಿ ಪುಡಿ ಇದೆಯೇ ನೋಡಿ. ಬೆರಳಿನ ಗೆಣ್ಣಿನಿಂದ ಗಿಲಾವು ತಟ್ಟಿ. ಡೊಳ್ಳು ಸದ್ದು ಬಂದರೆ ಗಿಲಾವು ಗೋಡೆ ಬಿಟ್ಟಿದೆ ಎಂದರ್ಥ.

ಬಿರುಕು ಎಲ್ಲ ಮನೆಯಲ್ಲೂ ಇರುತ್ತದೆ. ಕೂದಲೆಳೆಯಷ್ಟಿದ್ದರೆ ಹೆದರಬೇಡಿ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಏರಿ ಹೋಗುವ, ಬೆರಳ ತುದಿ ಹೋಗುವಷ್ಟು ಅಗಲದ ಬಿರುಕು ಇದ್ದರೆ ಬುನಾದಿ ಕುಸಿಯುತ್ತಿರಬಹುದು. ಎರೆ ಮಣ್ಣಿನ ನೆಲದಲ್ಲಿ ಇದು ಹೆಚ್ಚು. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಒಂದು ಸುಲಭ ಪರೀಕ್ಷೆ ಇದೆ. ಬಿರುಕಿಗೆ ಅಡ್ಡಲಾಗಿ ತೆಳು ಕಾಗದದ ಪಟ್ಟಿ ಅಂಟಿಸಿ ದಿನಾಂಕ ಬರೆಯಿರಿ. ತಿಂಗಳು ಬಿಟ್ಟು ಬಂದು ನೋಡಿದಾಗ ಕಾಗದ ಹರಿದಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ.

ಮಾಡು ನೋಡಲು ಹಗಲು ಹೊತ್ತು ಬಾಗಿಲು ಮುಚ್ಚಿ ಒಳಗೆ ನಿಲ್ಲಿ. ಬೆಳಕು ತೂರುವ ಕಡೆ ನೀರೂ ತೂರುತ್ತದೆ. ಹೊರಗೆ ನಿಂತು ಮಾಡಿನ ನೆತ್ತಿಯ ಗೆರೆ ನೋಡಿ. ಅದು ನಡುವೆ ತಗ್ಗಿದ್ದರೆ ಕೆಳಗಿನ ಮರ ಸೋತಿದೆ. ಒಂದು ಮಂಗಳೂರು ಹೆಂಚು ಸುಮಾರು ಎರಡೂವರೆ ಕೆ.ಜಿ. ತೂಗುತ್ತದೆ, ನೀರು ಕುಡಿದರೆ ಇನ್ನೂ ಹೆಚ್ಚು. ಆ ಭಾರವೆಲ್ಲ ತೊಲೆಯ ಮೇಲೆ. ತೊಲೆ ಗೋಡೆಯೊಳಗೆ ಹೊಕ್ಕಿರುವ ತುದಿಯೇ ಮೊದಲು ಕೊಳೆಯುವುದು. ಅಲ್ಲಿ ಚಾಕುವಿನ ಮೊನೆ ಒತ್ತಿ ನೋಡಿ. ಬೆಣ್ಣೆಗೆ ಇಳಿದಂತೆ ಇಳಿದರೆ ಆ ತೊಲೆ ಬದಲಿಸಬೇಕು. ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆಯಂಥ ಗೆರೆ ಇದ್ದರೆ ಅದು ಗೆದ್ದಲಿನ ದಾರಿ.

ಕೊಟ್ಟಿಗೆಯನ್ನು ಮನೆಯಷ್ಟೇ ನೋಡಿ

ಮನೆ ಕೊಳ್ಳುವವರು ಕೊನೆಗೆ ನೋಡುವುದು ಕೊಟ್ಟಿಗೆ. ನಿಮ್ಮ ಸಂಪಾದನೆ ಇರುವುದು ಅಲ್ಲಿ, ಆದ್ದರಿಂದ ಅದನ್ನೇ ಮೊದಲು ನೋಡಿ.

ಟೇಪು ಹಿಡಿದು ಅಳೆಯಿರಿ. ಒಂದು ಮಿಶ್ರತಳಿ ಹಸು ನಿಲ್ಲಲು ಸುಮಾರು ಐದೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗ ಬೇಕು. ಗೋದಲಿ, ಗಂಜಲದ ಚರಂಡಿ ಇದರ ಹೊರಗೆ. ನೆಲಕ್ಕೆ ಚರಂಡಿಯ ಕಡೆ ಐದು ಅಡಿಗೆ ಒಂದರಿಂದ ಒಂದೂವರೆ ಅಂಗುಲ ಇಳಿಜಾರು ಇರಬೇಕು. ಒಂದು ಬಕೆಟ್ ನೀರು ಸುರಿದು ನೋಡಿ. ನೀರು ನಿಂತ ಕಡೆ ನಾಳೆ ಗಂಜಲ ನಿಲ್ಲುತ್ತದೆ. ಗಂಜಲ ನಿಂತ ಕಡೆ ಕೆಚ್ಚಲು ಬಾವು ಬರುತ್ತದೆ, ಗೊರಸು ಕೊಳೆಯುತ್ತದೆ.

ಗೋಡೆಯ ಸಂದು, ಗೋದಲಿಯ ತಳಕ್ಕೆ ಟಾರ್ಚು ಬಿಟ್ಟು ನೋಡಿ. ಉಣ್ಣೆಗಳು ಹಸುವಿನ ಮೈಯಿಂದ ಉದುರಿ ಇಂಥ ಬಿರುಕಿನಲ್ಲೇ ಅಡಗಿ ಮೊಟ್ಟೆ ಇಡುತ್ತವೆ. ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ. ಖಾಲಿ ಬಿದ್ದ ಕೊಟ್ಟಿಗೆ ಶುದ್ಧ ಎಂದು ಹಸು ಕಟ್ಟಿದರೆ ಕೆಲವೇ ವಾರದಲ್ಲಿ ಥೈಲೇರಿಯಾ ಜ್ವರ ಬರಬಹುದು. ಸಂದುಗಳನ್ನು ಮುಚ್ಚಿಸಿ, ಸುಣ್ಣ ಹೊಡೆಸಿ, ವೈದ್ಯರು ಹೇಳಿದ ಉಣ್ಣೆ ನಾಶಕ ಸಿಂಪಡಿಸಿದ ಮೇಲೆಯೇ ಹಸು ಕಟ್ಟಿ.

ಒಂದು ಪ್ರಶ್ನೆಯನ್ನು ನಾಚಿಕೆ ಬಿಟ್ಟು ಕೇಳಿ: "ಈ ಹಿತ್ತಲಲ್ಲಿ ಸತ್ತ ದನ ಹೂತಿದ್ದೀರಾ? ಯಾವ ಕಾಯಿಲೆಯಲ್ಲಿ ಸತ್ತಿತ್ತು?" ನೆರಡಿ ರೋಗದಲ್ಲಿ ಸತ್ತ ದನ ಹೂತ ಮಣ್ಣಿನಲ್ಲಿ ಆ ರೋಗಾಣು ದಶಕಗಳ ಕಾಲ ಜೀವ ಹಿಡಿದಿರುತ್ತದೆ. ಮಾರುವವರು ಹೇಳದಿದ್ದರೆ ಅಕ್ಕಪಕ್ಕದವರು ಹೇಳುತ್ತಾರೆ. ಅಕ್ಕಪಕ್ಕದವರಿಗೂ ಗೊತ್ತಿಲ್ಲದಿದ್ದರೆ ನಿಮ್ಮ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಹಿತ್ತಲಿನ ಬೇಲಿಯಲ್ಲಿ ಲಂಟಾನ ಇದ್ದರೆ ಕೀಳಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಸಿದ ಕರು ಅದನ್ನು ತಿಂದರೆ ಕಾಮಾಲೆಯಾಗುತ್ತದೆ.

ನೀರು, ಕರೆಂಟು

ಹಾಲು ಕೊಡುವ ಮಿಶ್ರತಳಿ ಹಸುವಿಗೆ ಕುಡಿಯಲಿಕ್ಕೇ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ತೊಳೆಯುವ ನೀರು ಬೇರೆ. ಏಪ್ರಿಲ್‌ನಲ್ಲಿ ನಲ್ಲಿ ಎಷ್ಟು ಹೊತ್ತು ಬರುತ್ತದೆ ಎಂದು ಬೀದಿಯ ಹೆಂಗಸರನ್ನು ಕೇಳಿ. ಕೊಳವೆಬಾವಿ ಇದ್ದರೆ ನೀರಿನ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ತಿಪ್ಪೆ, ಶೌಚದ ಗುಂಡಿ ಬಾವಿಯ ಮಗ್ಗುಲಲ್ಲೇ ಇದ್ದರೆ ನೈಟ್ರೇಟ್ ಏರುತ್ತದೆ.

ಹಳೆಯ ಮನೆಯ ವೈರಿಂಗ್ ಅನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ ಒಬ್ಬರಿಗೆ ತೋರಿಸಿ. ಅರ್ಥಿಂಗ್ ಇಲ್ಲದ ಕೊಟ್ಟಿಗೆಯಲ್ಲಿ ಒದ್ದೆ ನೆಲಕ್ಕೆ ಕರೆಂಟು ಸೋರಿದರೆ ನಮಗಿಂತ ಹಸುವಿಗೆ ಅಪಾಯ ಹೆಚ್ಚು. ಅದರ ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರ ಜಾಸ್ತಿ, ಕಾಲಿಗೆ ಚಪ್ಪಲಿಯಿಲ್ಲ. ವಿದ್ಯುತ್ ಬಿಲ್ಲು ಯಾರ ಹೆಸರಿನಲ್ಲಿದೆ, ಬಾಕಿ ಎಷ್ಟಿದೆ ಎಂಬುದನ್ನೂ ನೋಡಿ.

ಕಾಡಂಚಿನ ಮನೆಯಾದರೆ

ಮದ್ದೂರು ವಲಯದ ಸುತ್ತಮುತ್ತ ಮನೆ ಅಗ್ಗಕ್ಕೆ ಸಿಗುತ್ತಿದ್ದರೆ ಯಾಕೆ ಎಂದು ಕೇಳಿಕೊಳ್ಳಿ. ತೆರೆದ ಕೊಟ್ಟಿಗೆ ಚಿರತೆಗೆ ಆಹ್ವಾನ. ಕರು ಕಟ್ಟುವ ಜಾಗಕ್ಕೆ ಗಟ್ಟಿ ಬಾಗಿಲು, ಕಬ್ಬಿಣದ ಜಾಲರಿ ಹಾಕಿಸುವ ಖರ್ಚು ಸೇರಿಸಿಯೇ ಬೆಲೆ ಮಾತಾಡಿ. ಬಂಡೀಪುರದ ಸುತ್ತ 2012ರಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿದೆ. ಹೊಸದಾಗಿ ಕಟ್ಟುವ, ವಿಸ್ತರಿಸುವ ಯೋಚನೆ ಇದ್ದರೆ ಏನಕ್ಕೆ ಅನುಮತಿ ಬೇಕೆಂದು ಪಂಚಾಯಿತಿಯಲ್ಲಿ ಮೊದಲೇ ಕೇಳಿ. ಕೇರಳದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ 2009ರಿಂದ ಇದೆ. ಹಾಲಿನ ವಾಹನ, ಡಾಕ್ಟರು ಆ ಮನೆಗೆ ಎಷ್ಟು ಹೊತ್ತಿಗೆ ತಲುಪಬಹುದು ಎಂಬುದನ್ನೂ ಯೋಚಿಸಿ.

ಅರಣ್ಯ ಹಕ್ಕು ಕಾಯ್ದೆ, 2006ರಡಿ ಸಿಕ್ಕ ಜಾಗ ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ ಆ ಕ್ರಯ ಊರ್ಜಿತವಲ್ಲ. ವಸತಿ ಯೋಜನೆಯ ನಿವೇಶನವಾದರೆ ಹಕ್ಕುಪತ್ರದ ಷರತ್ತುಗಳನ್ನು ಪೂರ್ತಿ ಓದಿಸಿಕೊಳ್ಳಿ.

ಕಾಗದ ಹೇಳುವುದನ್ನು ಕೇಳಿ

ಕಂದಾಯ ಕಟ್ಟಿದ ರಸೀದಿ ಮಾಲೀಕತ್ವದ ದಾಖಲೆಯಲ್ಲ. ಗ್ರಾಮ ಪಂಚಾಯಿತಿಯಿಂದ ಇ-ಸ್ವತ್ತಿನ ನಮೂನೆ ತೆಗೆಸಿ. ಅದರಲ್ಲಿರುವ ಅಳತೆ, ಚಕ್ಕುಬಂದಿಯನ್ನು ಜಾಗದ ಮೇಲೆ ನಿಂತು ತಾಳೆ ನೋಡಿ. ಎಷ್ಟೋ ಕಡೆ ಮನೆ ಕಾಗದದೊಳಗೆ, ಕೊಟ್ಟಿಗೆ ಕಾಗದದ ಹೊರಗೆ ಇರುತ್ತದೆ. ಉಪನೋಂದಣಿ ಕಚೇರಿಯಿಂದ ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿ. ನೋಂದಣಿಯಾಗದ ಕೈಬರಹದ ಕರಾರು ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಊರಲ್ಲೂ ವಿಚಾರಿಸಿ.

ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳ ರುಜು ಕೇಳಿ. ಕರ್ನಾಟಕ 1994ರಲ್ಲೇ, ದೇಶ 2005ರಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿದೆ. ಮದುವೆಯಾಗಿ ಹೋದ ಅಕ್ಕ ತಂಗಿಯರ ರುಜು ಇಲ್ಲದ ಕ್ರಯಪತ್ರ ನಾಳೆ ನ್ಯಾಯಾಲಯಕ್ಕೆ ಎಳೆಯುತ್ತದೆ. ನಮ್ಮ ಪಾಲನ್ನು ನಾವು ಕೇಳುವಾಗ, ಇನ್ನೊಬ್ಬ ಹೆಣ್ಣಿನ ಪಾಲನ್ನು ದಾಟಿ ಮನೆ ಕೊಳ್ಳಬಾರದು. ದುಡ್ಡು ನಿಮ್ಮ ಹಾಲಿನದಾದರೆ ಕ್ರಯಪತ್ರದಲ್ಲಿ ನಿಮ್ಮ ಹೆಸರೂ ಇರಲಿ.

ಕೊನೆಗೆ ಎಂಜಿನಿಯರ್

ಇಷ್ಟೆಲ್ಲ ನೋಡಿ ಮನೆ ಒಪ್ಪಿಗೆಯಾದರೆ, ಮುಂಗಡ ಕೊಡುವ ಮೊದಲು ಒಬ್ಬ ಸಿವಿಲ್ ಎಂಜಿನಿಯರ್‌ಗೆ ಶುಲ್ಕ ಕೊಟ್ಟು ತೋರಿಸಿ. ಮಾರುವವರ ಕಡೆಯವರು ಬೇಡ, ದಲ್ಲಾಳಿ ಕರೆತಂದವರೂ ಬೇಡ. ಬ್ಯಾಂಕಿನವರು ಬಂದು ನೋಡಿದರಲ್ಲ ಎನ್ನಬೇಡಿ. ಅವರು ನೋಡುವುದು ತಮ್ಮ ಸಾಲಕ್ಕೆ ಈ ಮನೆ ಸಾಕೇ ಎಂದು, ನಿಮ್ಮ ಮಾಡು ಸೋರುತ್ತದೆಯೇ ಎಂದಲ್ಲ. ಬುನಾದಿ, ಗೋಡೆ, ಮಾಡು, ಕೊಟ್ಟಿಗೆ, ನೀರಿನ ಹರಿವು, ವೈರಿಂಗ್ ಹೀಗೆ ಒಂದೊಂದರ ಸ್ಥಿತಿ, ಈಗಲೇ ಮಾಡಿಸಬೇಕಾದ ರಿಪೇರಿ, ಅದರ ಅಂದಾಜು ಖರ್ಚು, ಎಲ್ಲವನ್ನೂ ಬರೆದು ಕೊಡಲು ಹೇಳಿ. ಬಾಯಿಮಾತು ಸಾಲದು. ಆ ಪಟ್ಟಿಯೇ ಬೆಲೆ ಇಳಿಸಲು ನಿಮಗೆ ಆಧಾರ.

ಗೋಡೆ ಬಿದ್ದ ಆ ಮನೆಯ ಸುದ್ದಿ ಕೇಳಿ ಪಕ್ಕದ ಊರಿನ ಇನ್ನೊಬ್ಬ ಸದಸ್ಯೆ ನನ್ನನ್ನು ಕರೆದರು. ಸಂಜೆಯೊಳಗೆ ಮುಂಗಡ ಕೊಡದಿದ್ದರೆ ಬೇರೆಯವರಿಗೆ ಹೋಗುತ್ತದೆ ಎಂದು ದಲ್ಲಾಳಿ ಅವಸರ ಮಾಡುತ್ತಿದ್ದರಂತೆ. ನಾನು ಕೊಟ್ಟಿಗೆ ನೋಡಿದೆ, ಎಂಜಿನಿಯರ್ ಮನೆ ನೋಡಿದರು. ಮೂರು ತೊಲೆ ಗೆದ್ದಲು ತಿಂದಿತ್ತು. ಅದನ್ನು ಬದಲಿಸಬಹುದಿತ್ತು. ಆದರೆ ಕೊಟ್ಟಿಗೆ ನಿಂತಿದ್ದ ಜಾಗ ಇ-ಸ್ವತ್ತಿನ ಅಳತೆಯಲ್ಲಿ ಇರಲಿಲ್ಲ, ಮಾರುವವರ ಇಬ್ಬರು ತಂಗಿಯರಿಗೆ ಮಾರಾಟದ ವಿಷಯವೇ ಗೊತ್ತಿರಲಿಲ್ಲ. ಆಕೆ ರಾತ್ರಿಯೆಲ್ಲ ಯೋಚಿಸಿ ಬೇಡವೆಂದರು. ಮನೆಯಲ್ಲಿ ಬೈಸಿಕೊಂಡರು ಕೂಡ.

ಅವರು ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾರೆ, ಬೇರೆ ಮನೆ ಹುಡುಕುತ್ತಿದ್ದಾರೆ. ದುಡ್ಡು ಸಂಘದ ಖಾತೆಯಲ್ಲಿದೆ. ಮೂರೂ ಹಸು ಕ್ಷೇಮವಾಗಿವೆ, ಒಂದು ಹೋದ ವಾರ ಹೆಣ್ಣುಕರು ಹಾಕಿದೆ.

ನೀವೂ ಮನೆ ನೋಡುತ್ತಿದ್ದರೆ ಅವಸರ ಬೇಡ. ಒಂದು ಮಳೆ ಬರಲಿ. ಕೊಟ್ಟಿಗೆ ನೋಡಲು ನನ್ನನ್ನೋ ನಿಮ್ಮ ಊರಿನ ಪಶುವೈದ್ಯರನ್ನೋ ಕರೆಯಿರಿ, ಖಂಡಿತ ಬರುತ್ತೇವೆ. ಬಿದ್ದ ಗೋಡೆಯ ಕೆಳಗಿನ ಹಸುವನ್ನು ನೋಡಲು ಬರುವುದಕ್ಕಿಂತ ನಮಗೆ ಅದೇ ಸಂತೋಷ.