ಖಾಲಿಯಾದ ಹಳ್ಳಿ ಭಾಷೆ ಕಲಿಸೋ ಊರಾಯ್ತು

ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್‌ನಲ್ಲಿ ನಾಂಟ್ ಗುರ್ಥೇರ್ನ್ ಅಂತ ಒಂದು ಪುಟ್ಟ ಹಳ್ಳಿ ಇದೆ. ಬೆನ್ನಿಗೆ ಬೆಟ್ಟ, ಎದುರಿಗೆ ಐರಿಷ್ ಸಮುದ್ರ. ಒಂದು ಕಾಲದಲ್ಲಿ ಪೂರ್ತಿ ಖಾಲಿಯಾಗಿದ್ದ ಈ ಊರಿಗೆ ಈಗ ಜನ ವೆಲ್ಷ್ ಭಾಷೆ ಕಲಿಯೋಕೆ ಬರ್ತಾರೆ. ಇದು ಹೇಗಾಯ್ತು?

ನಾವು ಎಂಜಿನಿಯರಿಂಗ್ ಓದೋರು, ಕಲ್ಲಿನಿಂದಲೇ ಶುರು ಮಾಡೋಣ. 19ನೇ ಶತಮಾನದಲ್ಲಿ ಲಿವರ್‌ಪೂಲ್, ಮ್ಯಾಂಚೆಸ್ಟರ್‌ನಂಥ ನಗರಗಳು ವೇಗವಾಗಿ ಬೆಳೀತಿದ್ದವು. ಕುದುರೆಗಾಡಿ ಓಡೋ ಬೀದಿಗಳಿಗೆ ಹಾಸೋಕೆ ಗಟ್ಟಿ ಕಲ್ಲು ಬೇಕಿತ್ತು. ಇಲ್ಲಿನ ಗ್ರಾನೈಟನ್ನು ಕಡಿದು ಹಡಗಿನಲ್ಲಿ ಕಳಿಸ್ತಿದ್ದರು. ಕ್ವಾರಿ ಕೆಲಸಗಾರರಿಗೆ ಅಂತ 1878ರಲ್ಲಿ ಸಾಲುಮನೆಗಳನ್ನು ಕಟ್ಟಿದರು. ಆಮೇಲೆ ರಸ್ತೆಗಳಿಗೆ ಡಾಂಬರು ಬಂತು, ಕಲ್ಲಿನ ಬೇಡಿಕೆ ಕುಸಿಯಿತು, ಕ್ವಾರಿ ಮುಚ್ಚಿತು. 1959ರ ಹೊತ್ತಿಗೆ ಊರಲ್ಲಿ ಯಾರೂ ಉಳಿಯಲಿಲ್ಲ. ಬೇರೆಲ್ಲೋ ರಸ್ತೆಯ ಮೆಟೀರಿಯಲ್ ಬದಲಾಗಿದ್ದಕ್ಕೆ ಇಲ್ಲೊಂದು ಊರೇ ಮುಗಿದುಹೋಯ್ತು.

1970ರ ದಶಕದಲ್ಲಿ ಪಕ್ಕದ ಹಳ್ಳಿಯಲ್ಲಿ ಕಾರ್ಲ್ ಕ್ಲೌಸ್ ಅನ್ನೋ ಡಾಕ್ಟರ್ ಇದ್ದರು. ಹುಟ್ಟಿದ್ದು ಮ್ಯಾಂಚೆಸ್ಟರ್‌ನಲ್ಲಿ, ವೆಲ್ಷ್ ಕಲಿತದ್ದು ಆಮೇಲೆ. ಕೆಲಸ ಸಿಗದೆ ಹುಡುಗರು ಊರು ಬಿಡೋದನ್ನು ಅವರು ನೋಡ್ತಿದ್ದರು. ಮಾತಾಡೋರು ಹೊರಟರೆ ಭಾಷೆ ಮಾತ್ರ ಅಲ್ಲಿ ಹೇಗೆ ಉಳಿಯುತ್ತೆ? ಪಾಳುಬಿದ್ದ ಹಳ್ಳಿಯನ್ನೇ ಭಾಷಾ ಕೇಂದ್ರ ಮಾಡಿದರೆ ಕಲಿಯೋರಿಗೆ ಜಾಗ, ಸುತ್ತಲಿನವರಿಗೆ ಕೆಲಸ, ಎರಡೂ ಸಿಗುತ್ತೆ ಅನ್ನೋದು ಅವರ ಯೋಚನೆ. 1978ರಲ್ಲಿ ಟ್ರಸ್ಟ್ ಒಂದು 25,000 ಪೌಂಡ್ ಕೊಟ್ಟು ಇಡೀ ಊರನ್ನು ಕೊಂಡಿತು. ರಿಪೇರಿ ಇನ್ನೂ ನಡೀತಿರುವಾಗಲೇ 1982ರಲ್ಲಿ ಮೊದಲ ತರಗತಿ ಶುರುವಾಯ್ತು.

ಇಲ್ಲಿನ ವಿಧಾನ ಸರಳ. ಕಲಿಯೋರು ಕೆಲವು ದಿನ ಆ ಹಳೇ ಕ್ವಾರಿ ಮನೆಗಳಲ್ಲೇ ಉಳೀತಾರೆ. ಬೆಳಿಗ್ಗೆ ಪಾಠದಲ್ಲಿ ಕಲಿತ ವಾಕ್ಯವನ್ನು ಮಧ್ಯಾಹ್ನ ಕೆಫೆಯಲ್ಲಿ ಟೀ ಕೇಳೋಕೆ ಬಳಸಬಹುದು. ತಪ್ಪಾದರೂ ಎದುರಿನವರು ವೆಲ್ಷ್‌ನಲ್ಲೇ ಉತ್ತರಿಸ್ತಾರೆ.

ಹಾಗಂತ ಒಂದು ಹಳ್ಳಿಯಿಂದ ಭಾಷೆ ಉಳಿದುಬಿಡಲ್ಲ. ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು 2011ರಲ್ಲಿ ಶೇ. 19 ಇದ್ದರು, 2021ರ ಜನಗಣತಿಯಲ್ಲಿ ಶೇ. 17.8ಕ್ಕೆ ಇಳಿದರು. ಅಂದರೆ ಸುಮಾರು 5.38 ಲಕ್ಷ ಜನ. 2050ಕ್ಕೆ ಇದನ್ನು 10 ಲಕ್ಷ ಮಾಡಬೇಕು ಅನ್ನೋದು ಅಲ್ಲಿನ ಸರ್ಕಾರದ ಗುರಿ. ಮನೆಯಲ್ಲಿ ವೆಲ್ಷ್ ಆಡದವರೂ ಕಲಿಯದೇ ಹೋದರೆ ಈ ಲೆಕ್ಕ ಕೂಡಿಬರೋದು ಕಷ್ಟ.

ನಮ್ಮ ಕ್ಯಾಂಪಸ್ಸಿನಲ್ಲೂ ಕನ್ನಡ ಕಲಿಯೋ ಆಸೆ ಇರುವ ಹೊರರಾಜ್ಯದ ಗೆಳೆಯರಿದ್ದಾರೆ. ಅವರಿಗೆ ಕಲಿಕೆಯ ಆ್ಯಪ್‌ಗಿಂತ ಹೆಚ್ಚಾಗಿ, ಕ್ಯಾಂಟೀನಿನಲ್ಲಿ ಹತ್ತು ನಿಮಿಷ ಇಂಗ್ಲಿಷಿಗೆ ಜಾರದೆ ಜೊತೆಗೆ ಮಾತಾಡೋರು ಬೇಕು. ಅಷ್ಟನ್ನು ನಾವು ಈ ಸೆಮಿಸ್ಟರ್‌ನಲ್ಲೇ ಶುರು ಮಾಡಬಹುದು.