ಯಂತ್ರ ಕಟ್ಟುವ ಊರು

ಹಂಪಿಗೆ ಹೋದವರಲ್ಲಿ ಹಲವರು ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದ ಅಂಗಳದಲ್ಲಿರುವ ವಿಜಯನಗರದ ದೊಡ್ಡ ಮಾದರಿಯನ್ನು ನೋಡಿರುತ್ತಾರೆ. ಬೆಟ್ಟ, ನದಿ, ಗುಡಿಗಳೆಲ್ಲ ಅಲ್ಲಿ ಒಂದೇ ನೋಟಕ್ಕೆ ಸಿಗುತ್ತವೆ. ಕೈಯಿಂದ ಮಾಡುವ ಇಂಥ ಮಾದರಿಯನ್ನು ಈಗ ಕಂಪ್ಯೂಟರ್ ತಾನೇ ರಚಿಸಬಲ್ಲದು.

ಇದರ ಗುಟ್ಟು ನಮ್ಮ ಕಣ್ಣುಗಳಲ್ಲೇ ಇದೆ. ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಕೋನಗಳಿಂದ ನೋಡುವುದರಿಂದ ಅದರ ದೂರ ಮಿದುಳಿಗೆ ತಿಳಿಯುತ್ತದೆ. ಡ್ರೋನ್ ಊರ ಮೇಲೆ ಹಾರುತ್ತ, ಒಂದರ ಭಾಗ ಇನ್ನೊಂದರಲ್ಲೂ ಬರುವಂತೆ ನೂರಾರು ಚಿತ್ರ ತೆಗೆಯುತ್ತದೆ. ಒಂದೇ ಕಂಬದ ತುದಿ ಯಾವ ಯಾವ ಚಿತ್ರದಲ್ಲಿ ಎಲ್ಲಿದೆ ಎಂದು ಹುಡುಕಿ, ಕಂಪ್ಯೂಟರ್ ಅದರ ಸ್ಥಾನ ಮತ್ತು ಎತ್ತರವನ್ನು ಲೆಕ್ಕ ಹಾಕುತ್ತದೆ. ಇಂಥ ಲಕ್ಷಾಂತರ ಬಿಂದುಗಳನ್ನು ಹೆಣೆದಾಗ ಗೋಡೆ, ಸೂರು, ಬೀದಿ ಮೂಡುತ್ತವೆ. 2009ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವೊಂದು ಪ್ರವಾಸಿಗರ ಸುಮಾರು 1,50,000 ಚಿತ್ರಗಳಿಂದ ರೋಮ್ ನಗರದ ಸ್ಮಾರಕಗಳನ್ನು ಒಂದು ದಿನದೊಳಗೆ ಹೀಗೆ ಕಟ್ಟಿತು. ಹಂಪಿಗೂ ಈ ವಿದ್ಯೆ ಬಂದಿದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಪರಂಪರೆ ಯೋಜನೆಯಲ್ಲಿ ಐಐಟಿಗಳ ಜೊತೆ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜೂ ದುಡಿದಿದೆ.

ಆದರೆ ಚಿತ್ರದಲ್ಲಿಲ್ಲದ್ದು ಮಾದರಿಯಲ್ಲೂ ಇರದು. ವಿರೂಪಾಕ್ಷ ಗುಡಿಯೆದುರಿನ ಸಾಲುಮಂಟಪಗಳಲ್ಲಿ 2011ರ ಜುಲೈವರೆಗೂ ಜನ ಸಂಸಾರ ಹೂಡಿದ್ದರು, ಅಂಗಡಿ ಇಟ್ಟಿದ್ದರು. ಆ ತಿಂಗಳು ತೆರವು ನಡೆಯಿತು. ಅದಕ್ಕೆ ಮುಂಚೆ ತೆಗೆದ ಚಿತ್ರ ಒಂದು ಊರನ್ನು ಕೊಟ್ಟರೆ, ಆಮೇಲೆ ತೆಗೆದದ್ದು ಕಲ್ಲುಕಂಬಗಳನ್ನಷ್ಟೇ ಕೊಡುತ್ತದೆ.

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹಂಪಿಯ ಜೊತೆಗಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಗೂ ಈ ಮಾತು ಸಲ್ಲುತ್ತದೆ. ಬಾಗಳಿಯ ಕಲ್ಲೇಶ್ವರ, ಮಾಗಳದ ಸೂರ್ಯನಾರಾಯಣದಂಥ ಚಾಲುಕ್ಯರ ಕಾಲದ ಗುಡಿಗಳು ಕಲ್ಲಿನವು. ಇನ್ನಷ್ಟು ಕಾಲ ಕಾದಾವು. ಮಣ್ಣಿನ ಮಾಳಿಗೆ ಮನೆಗಳು ಕಾಯುವುದಿಲ್ಲ. ಒಂದು ಮಳೆಗಾಲಕ್ಕೆ ಗೋಡೆ ಕುಸಿದರೆ ಆ ಜಾಗದಲ್ಲಿ ಆರ್‌ಸಿಸಿ ಏಳುತ್ತದೆ.

2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಡಿ ಡ್ರೋನ್‌ಗಳು ಗ್ರಾಮಠಾಣಗಳ ಮೇಲೂ ಹಾರಿವೆ. ಅದರ ಉದ್ದೇಶ ಆಸ್ತಿಯ ಹಕ್ಕುಪತ್ರ; ಅದಕ್ಕೆ ಮನೆಯ ಗಡಿ ಸಾಕು. ಮೇಲಿಂದ ನೋಡುವ ಕಣ್ಣಿಗೆ ಪಡಸಾಲೆ, ಗೋದಲಿ, ಬೆಳಕಿಂಡಿಯ ಕೆಳಗಿನ ಅಡುಗೆಮನೆ ಕಾಣವು. ಅವು ದಾಖಲಾಗಬೇಕಾದರೆ ಯಾರಾದರೂ ಮೊಬೈಲ್ ಹಿಡಿದು ಒಳಗೆ ಹೋಗಿ ಚಿತ್ರ ತೆಗೆಯಬೇಕು. ಮನೆಯ ಹಿರಿಯರನ್ನು ಕೇಳಿ ಒಂದೊಂದು ಜಾಗದ ಹೆಸರನ್ನೂ ಬಳಕೆಯನ್ನೂ ಬರೆದುಕೊಳ್ಳಬೇಕು. ಸ್ಥಳೀಯ ಕಾಲೇಜುಗಳ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಮಾಡಬಹುದಾದ ಕೆಲಸ ಇದು. ಮಳೆಗಾಲಕ್ಕೆ ಮುಂಚೆ ಆದರೆ ಒಳ್ಳೆಯದು.